ಹಾರ್ಡ್ ಡಿಸ್ಕ್‌ನಿಂದ ಉಬುಂಟುಗೆ ಕಾಪಿ ಆಯ್ತು, ಈಗ ಫೋಲ್ಡರ್ ಒಳಗೆ ಹೋಗೋಕೇ ಆಗ್ತಿಲ್ಲ

ಬಡಗುತಿಟ್ಟು

ಎಲ್ಲರಿಗೂ ನಮಸ್ಕಾರ. ನಮ್ಮೂರ ಯಕ್ಷಗಾನ ಸಂಘದ ಹಳೆಯ ಪ್ರಸಂಗ ಪುಸ್ತಕಗಳ ಸ್ಕ್ಯಾನ್, ಆಟದ ಫೋಟೋ, ತಾಳಮದ್ದಳೆಯ ಆಡಿಯೋ ಎಲ್ಲವೂ ವಿಂಡೋಸ್‌ನಲ್ಲಿ ಬಳಸುತ್ತಿದ್ದ ಒಂದು ಹಾರ್ಡ್ ಡಿಸ್ಕ್‌ನಲ್ಲಿದೆ. ಅದು ಎನ್‌ಟಿಎಫ್‌ಎಸ್, ಅಂದರೆ ವಿಂಡೋಸ್‌ನ ಫೈಲ್‌ಸಿಸ್ಟಮ್. ಈಗ ಸಂಘದ ಕಚೇರಿಯಲ್ಲಿ ಉಬುಂಟು 22.04 ಹಾಕಿದ ಒಂದು ಹಳೆ ಪಿಸಿ ಇಟ್ಟಿದ್ದೇವೆ. ಎಲ್ಲವನ್ನೂ ಅದಕ್ಕೆ ಸೇರಿಸಿ, ಅಪಾಚೆ ವೆಬ್ ಸರ್ವರ್ ಮೂಲಕ ಕಚೇರಿಯ ವೈಫೈನಲ್ಲಿ ಯಾರು ಬೇಕಾದರೂ ಬ್ರೌಸರ್‌ನಲ್ಲಿ ನೋಡುವ ಹಾಗೆ ಮಾಡಬೇಕು ಅಂತ ಆಸೆ. ಫೈಲ್ ಸೇರಿಸುವುದು, ಹೆಸರು ತಿದ್ದುವುದು ನಾವು ಮೂರು ಜನ ಮಾತ್ರ.

'ಸುಡೊ ಸಿಪಿ -ಆರ್' (ರೂಟ್ ಅಧಿಕಾರದಲ್ಲಿ ಕಾಪಿ) ಕೊಟ್ಟು '/ಎಸ್‌ಆರ್‌ವಿ/ಭಂಡಾರ' ಅನ್ನುವ ಫೋಲ್ಡರಿಗೆ ಕಾಪಿ ಮಾಡಿದ್ದಾಯಿತು. 'ಎಲ್ಎಸ್ -ಎಲ್' ಹೊಡೆದರೆ ಎಲ್ಲ ಫೈಲೂ ಹಸಿರು ಬಣ್ಣ, ಮಾಲೀಕ ರೂಟ್ (ಸಿಸ್ಟಮ್‌ನ ಮುಖ್ಯ ಖಾತೆ). ಫೋಟೋಗೆ ಯಾಕೆ ನಡೆಸುವ ಅನುಮತಿ ಅಂತ ವಾಟ್ಸ್ಆ್ಯಪ್ ಗುಂಪಿನಲ್ಲಿ ಕೇಳಿದಾಗ ಒಬ್ಬರು ಅನುಮತಿ ಬದಲಿಸುವ 'ಸುಡೊ ಚ್‌ಮಾಡ್ -ಆರ್ 644' ಕೊಡಿ ಅಂದರು. ಕೊಟ್ಟ ಮೇಲೆ ಫೋಲ್ಡರ್ ಒಳಗೆ ಹೋಗೋಕೇ ಆಗ್ತಿಲ್ಲ. ಹೊರಗಿನಿಂದ ಪಟ್ಟಿ ತೆಗೆದರೆ ಹೀಗೆ ಬರುತ್ತಿದೆ:

-????????? ? ? ? ? ? ಗದಾಯುದ್ಧ-01.ಜೆಪಿಜಿ

ಸುಡೊ ಹಾಕಿದರೆ ಎಲ್ಲ ಸರಿಯಾಗೇ ಕಾಣುತ್ತದೆ. ಡಿಸ್ಕ್ ಕೆಟ್ಟಿತಾ? ಇನ್ನೊಬ್ಬರು 777 ಕೊಟ್ಟುಬಿಡಿ, ತಲೆನೋವು ಮುಗಿಯುತ್ತೆ ಅಂತಿದ್ದಾರೆ. ಕೊಡಲಾ?

ಮೇಲ್ವಿಚಾರಕಿ

ಹೊಸಬರಿಗೆ ಒಂದು ಸೂಚನೆ. ಇಲ್ಲಿ ಕಮಾಂಡ್‌ಗಳನ್ನೂ ಕನ್ನಡ ಲಿಪಿಯಲ್ಲೇ ಬರೆಯುವ ರೂಢಿ. ಟರ್ಮಿನಲ್‌ನಲ್ಲಿ ಹೊಡೆಯುವಾಗ ಇಂಗ್ಲಿಷ್ ಅಕ್ಷರ ಹಾಕಿಕೊಳ್ಳಿ. ದೊಡ್ಡಕ್ಷರ ಬೇಕಾದ ಕಡೆ ಬರೆಯುವವರು ಹೇಳುತ್ತಾರೆ. ಚ್‌ಮಾಡ್‌ನ 'ಆರ್' ಯಾವಾಗಲೂ ದೊಡ್ಡದು, ಸಿಪಿಗೆ ಯಾವುದಾದರೂ ನಡೆಯುತ್ತದೆ.

ಕಪ್ಪುಪರದೆ

ಡಿಸ್ಕ್ ಏನೂ ಕೆಟ್ಟಿಲ್ಲ ಸರ್, ಗಾಬರಿ ಬೇಡ. 777 ಮಾತ್ರ ಸದ್ಯಕ್ಕೆ ಮುಟ್ಟಬೇಡಿ.

ಆ ಪ್ರಶ್ನಾರ್ಥಕ ಚಿಹ್ನೆಗಳ ಕಥೆ ಇಷ್ಟು. ಫೋಲ್ಡರ್ ವಿಷಯದಲ್ಲಿ 'ಆರ್' ಅಂದರೆ ಒಳಗಿರುವ ಹೆಸರುಗಳ ಪಟ್ಟಿ ಓದಬಹುದು ಅಂತ. 'ಎಕ್ಸ್' ಅಂದರೆ ಅದನ್ನು ದಾಟಿ ಒಳಗಿನ ಫೈಲನ್ನು ಮುಟ್ಟಬಹುದು ಅಂತ. ಮೂರು ಅಂಕಿಗಳು ಕ್ರಮವಾಗಿ ಮಾಲೀಕ, ಗುಂಪು, ಉಳಿದವರಿಗೆ; ಓದಲು 4, ಬರೆಯಲು 2, 'ಎಕ್ಸ್'ಗೆ 1 ಕೂಡಿಸಿದ್ದು. 644ರಲ್ಲಿ ಯಾರಿಗೂ 'ಎಕ್ಸ್' ಇಲ್ಲ. ಹಾಗಾಗಿ ಹೆಸರು ಮಾತ್ರ ಸಿಗುತ್ತದೆ. ಆ ಹೆಸರಿನ ಫೈಲ್ ಎಷ್ಟು ದೊಡ್ಡದು, ಯಾರದ್ದು, ಯಾವತ್ತಿನದು ಅನ್ನುವುದು ಸಿಗಲ್ಲ. ಗೊತ್ತಿಲ್ಲದ್ದನ್ನೆಲ್ಲ ಎಲ್ಎಸ್ ಪ್ರಶ್ನೆ ಗುರುತು ಹಾಕಿ ತೋರಿಸುತ್ತದೆ. ರೂಟ್‌ಗೆ ಈ ತಡೆ ಲೆಕ್ಕಕ್ಕಿಲ್ಲ, ಅದಕ್ಕೇ ಸುಡೊ ಹಾಕಿದಾಗ ಕಂಡದ್ದು.

ಫೋಲ್ಡರಿಗೆ ಒಂದು, ಫೈಲಿಗೆ ಒಂದು ಬೇರೆ ಬೇರೆ ಕೊಡಿ:

ಸುಡೊ ಫೈಂಡ್ /ಎಸ್‌ಆರ್‌ವಿ/ಭಂಡಾರ -ಟೈಪ್ ಡಿ -ಎಕ್ಸೆಕ್ ಚ್‌ಮಾಡ್ 755 {} +

ಸುಡೊ ಫೈಂಡ್ /ಎಸ್‌ಆರ್‌ವಿ/ಭಂಡಾರ -ಟೈಪ್ ಎಫ್ -ಎಕ್ಸೆಕ್ ಚ್‌ಮಾಡ್ 644 {} +

ಕೊನೆಯ ಕೂಡಿಸುವ ಚಿಹ್ನೆ ಬಿಡಬೇಡಿ. ಅದಿದ್ದರೆ ಫೈಂಡ್ ಹೆಸರುಗಳನ್ನು ಒಟ್ಟುಹಾಕಿ ಒಂದೇ ಸಲ ಚ್‌ಮಾಡ್‌ಗೆ ಕೊಡುತ್ತದೆ. ಹೆಸರಿನ ಮಧ್ಯೆ ಜಾಗ ಬಿಟ್ಟಿದ್ದರೂ ತೊಂದರೆ ಇಲ್ಲ.

ಕಾಫಿತೋಟ

ಎರಡು ಕಮಾಂಡ್ ಯಾಕೆ? ದೊಡ್ಡ ಎಕ್ಸ್ ಇದೆಯಲ್ಲ. 'ಚ್‌ಮಾಡ್ -ಆರ್ ಯು=ಆರ್‌ಡಬ್ಲ್ಯುಎಕ್ಸ್,ಜಿಒ=ಆರ್‌ಎಕ್ಸ್', ಇದರಲ್ಲಿ ಎಕ್ಸ್ ಎರಡೂ ಕಡೆ ದೊಡ್ಡಕ್ಷರ. ಫೋಲ್ಡರಿಗೆ ಮಾತ್ರ ನಡೆಸುವ ಅನುಮತಿ ಕೊಡುತ್ತೆ.

ಕಪ್ಪುಪರದೆ

@ಕಾಫಿತೋಟ ಈಗಿನ ಸ್ಥಿತಿಯಲ್ಲಿ ಅದು ನಡೆಯುತ್ತೆ, ಎಲ್ಲವೂ 644 ಆಗಿದೆಯಲ್ಲ. ಆದರೆ ದೊಡ್ಡ ಎಕ್ಸ್ ಫೋಲ್ಡರಿಗೆ ಮಾತ್ರ ಅಲ್ಲ, ಮೊದಲೇ ಯಾರಿಗಾದರೂ 'ಎಕ್ಸ್' ಇರುವ ಫೈಲಿಗೂ ಕೊಡುತ್ತದೆ. ಎನ್‌ಟಿಎಫ್‌ಎಸ್‌ನಿಂದ ಬಂದ ಫೋಟೋಗಳಿಗೆಲ್ಲ ಅದು ಮೊದಲೇ ಅಂಟಿಕೊಂಡಿರುತ್ತೆ. ಇವರು ಅದನ್ನೇ ಮೊದಲು ಕೊಟ್ಟಿದ್ದರೆ ಹಸಿರು ಹೋಗ್ತಾನೇ ಇರಲಿಲ್ಲ. ವಿಂಡೋಸ್ ಡಿಸ್ಕ್‌ನಿಂದ ಬಂದದ್ದಕ್ಕೆ ಫೈಂಡ್ ದಾರಿಯೇ ವಾಸಿ.

ಬಡಗುತಿಟ್ಟು

ತೆರೆಯಿತು! ತುಂಬಾ ಥ್ಯಾಂಕ್ಸ್ ಸರ್. ಎರಡು ಪ್ರಶ್ನೆ ಉಳಿದಿವೆ. ಮೊದಲು ಎಲ್ಲ ಹಸಿರಾಗಿ ಬಂದದ್ದಾದರೂ ಯಾಕೆ? ಮತ್ತೆ ಮೂರು ಜನ ಬರೆಯುವ ಹಾಗೆ ಮಾಡೋದು ಹೇಗೆ? ಈಗ ಮಾಲೀಕ ರೂಟ್. ಒಂದು ಫೋಟೋ ಹಾಕಬೇಕಾದರೂ ಸುಡೊ ಬೇಕು.

ಹಳೇಬೇರು

ಮೊದಲನೆಯದಕ್ಕೆ ನಾನು ಉತ್ತರ ಹೇಳುತ್ತೇನೆ. ಸ್ವಲ್ಪ ಉದ್ದ ಆದೀತು, ಬೇಸರ ಮಾಡಿಕೊಳ್ಳಬೇಡಿ.

ವಿಂಡೋಸ್‌ನ ಡಿಸ್ಕ್‌ನಲ್ಲಿ ಯೂನಿಕ್ಸ್ ಮಾದರಿಯ ಅನುಮತಿ ಇರುವುದಿಲ್ಲ. ಪೆನ್‌ಡ್ರೈವ್‌ನ ಎಕ್ಸ್‌ಫ್ಯಾಟ್‌ನಲ್ಲೂ ಅಷ್ಟೇ. ಡಿಸ್ಕ್ ಚುಚ್ಚಿದಾಗ ಲಿನಕ್ಸ್ ಎಲ್ಲ ಫೈಲಿಗೂ ಒಂದೇ ಅನುಮತಿ ಇದೆ ಅಂತ ನಟಿಸುತ್ತದೆ. ಅದು ಸಾಮಾನ್ಯವಾಗಿ 777 ಅಥವಾ 755. ಅಲ್ಲೇ ಚ್‌ಮಾಡ್ ಕೊಟ್ಟರೆ ಹಿಡಿಯುವುದಿಲ್ಲ. ಕೆಲವು ಸಲ ತಪ್ಪು ಅಂತಲೂ ಹೇಳದೆ ಸುಮ್ನೆ ಇರುತ್ತದೆ. ಬದಲಿಸಬೇಕು ಅಂದರೆ ಮೌಂಟ್ ಮಾಡುವಾಗಲೇ (ಡಿಸ್ಕನ್ನು ಸಿಸ್ಟಮ್‌ಗೆ ಜೋಡಿಸುವಾಗಲೇ) ಎಫ್‌ಮಾಸ್ಕ್, ಡಿಮಾಸ್ಕ್ ಅನ್ನುವ ಆಯ್ಕೆ ಕೊಡಬೇಕು.

ಈಗ ಸಿಪಿ ಏನು ಮಾಡುತ್ತದೆ ನೋಡಿ. ಯಾವ ಆಯ್ಕೆಯೂ ಇಲ್ಲದಿದ್ದರೆ ಮೂಲ ಫೈಲ್‌ನ ಅನುಮತಿ ತೆಗೆದುಕೊಂಡು, ಅದರಿಂದ ಯುಮಾಸ್ಕ್‌ನಲ್ಲಿರುವ (ಹೊಸ ಫೈಲಿಗೆ ಕೊಡಬಾರದು ಅಂತ ಗೊತ್ತುಮಾಡಿದ) ಬಿಟ್‌ಗಳನ್ನು ಕಿತ್ತುಹಾಕಿ, ಉಳಿದದ್ದನ್ನು ಹೊಸ ಫೈಲಿಗೆ ಇಡುತ್ತದೆ. ಮೂಲ 777, ರೂಟ್‌ನ ಯುಮಾಸ್ಕ್ 022, ಉಳಿದದ್ದು 755. ನಿಮ್ಮ ಹಸಿರು ಬಣ್ಣ ಬಂದದ್ದು ಅಲ್ಲಿಂದ. 'ಸಿಪಿ -ಎ' ಕೊಟ್ಟಿದ್ದರೆ ಇನ್ನೂ ಕಷ್ಟ, ಅದು ಮೂಲದ್ದನ್ನು ಹಾಗ್ಹಾಗೇ ಉಳಿಸುವುದರಿಂದ 777 ಇಡಿಯಾಗಿ ಬರುತ್ತಿತ್ತು.

ಯುಮಾಸ್ಕ್ ಅಂದರೆ ಕಳೆಯುವ ಲೆಕ್ಕ ಅಂತ ಎಷ್ಟೋ ಕಡೆ ಬರೆದಿರುತ್ತಾರೆ. ಅದು ಕಳೆಯುವ ಲೆಕ್ಕ ಅಲ್ಲ. ಹೊಸ ಫೈಲಿಗೆ 666, ಯುಮಾಸ್ಕ್ 027 ಅಂತ ಇಟ್ಟುಕೊಳ್ಳಿ. ಕಳೆದರೆ 637 ಬರಬೇಕು. ಬರೋದು 640. 022ರಲ್ಲಿ ಎರಡೂ ಲೆಕ್ಕ ಒಂದೇ ಉತ್ತರ ಕೊಡುವುದರಿಂದ ಈ ತಪ್ಪು ಯಾರ ಕಣ್ಣಿಗೂ ಬೀಳಲ್ಲ.

ವಿಂಡೋಸ್ ಡಿಸ್ಕ್‌ನಿಂದ ನಿಮ್ಮ ಸ್ವಂತ ಹೋಮ್ ಫೋಲ್ಡರಿಗೆ ತರುವಾಗ 'ಸಿಪಿ -ಆರ್ --ನೋ-ಪ್ರಿಸರ್ವ್=ಮೋಡ್' ಕೊಡಿ. ಮೂಲದ ಅನುಮತಿಯನ್ನು ನೋಡುವುದೇ ಇಲ್ಲ, ಈಗ ತಾನೇ ಹುಟ್ಟಿದ ಫೈಲಿನ ಹಾಗೆ ಇಡುತ್ತದೆ. ಹಸಿರು ಬರಲ್ಲ. ಹಂಚಿಕೊಂಡ ಫೋಲ್ಡರಿಗೆ ಬೇರೆ ದಾರಿ ಇದೆ, ಯಾರಾದರೂ ಹೇಳುತ್ತಾರೆ.

ಸುಮ್ನೆಒಬ್ಬ

ಕಚೇರಿ ವೈಫೈ ಒಳಗಿರೋ ಒಂದು ಹಳೆ ಪಿಸಿ. ನೋಡೋರು ಊರಿನವರೇ. ಇದಕ್ಕೆ ಇಷ್ಟೆಲ್ಲ ಯಾಕೆ ಗುರು? 777 ಹಾಕಿ, ಟೀ ಕುಡಿಯೋಕೆ ಹೋಗಿ. ಹ್ಯಾಕರ್ ಬಂದು ತಾಳಮದ್ದಳೆ ಆಡಿಯೋ ಕದೀತಾನಾ?

ಹಳೇಬೇರು

ಕದಿಯುವವನ ವಿಷಯ ಬಿಡಿ ಸ್ವಾಮಿ, ಅವರು ಎಲ್ಲರೂ ನೋಡಲಿ ಅಂತಲೇ ಇಡುತ್ತಿದ್ದಾರೆ. ಅಳಿಸುವವನ ವಿಷಯ ಯೋಚಿಸಿ.

ಫೈಲ್ ಅಳಿಸಲು ಆ ಫೈಲಿನ ಮೇಲೆ ಬರೆಯುವ ಅನುಮತಿ ಬೇಕಾಗಿಲ್ಲ. ಅದು ಇರುವ ಫೋಲ್ಡರಿನ ಮೇಲೆ ಬರೆಯುವ ಮತ್ತು ದಾಟುವ ಅನುಮತಿ ಇದ್ದರೆ ಸಾಕು. ಫೈಲ್ 444 ಇರಲಿ, ಮಾಲೀಕ ರೂಟೇ ಇರಲಿ, ಫೋಲ್ಡರ್ 777 ಆಗಿದ್ದರೆ ಯಾರು ಬೇಕಾದರೂ ತೆಗೆದು ಎಸೆಯಬಹುದು. ನಂಬಿಕೆ ಬರದಿದ್ದರೆ ಒಂದು ಖಾಲಿ ಫೋಲ್ಡರ್ ಮಾಡಿ ಪರೀಕ್ಷೆ ಮಾಡಿ ನೋಡಿ. '/ಟಿಎಂಪಿ' ಫೋಲ್ಡರ್ 777 ಅಲ್ಲ, 1777 ಇರುವುದು ಇದೇ ಕಾರಣಕ್ಕೆ. ಮುಂದಿನ 1 ಸ್ಟಿಕಿ ಬಿಟ್. ಅದಿದ್ದರೆ ಫೈಲಿನ ಮಾಲೀಕ, ಫೋಲ್ಡರಿನ ಮಾಲೀಕ, ರೂಟ್ ಬಿಟ್ಟು ಬೇರೆಯವರು ಅಳಿಸಲಾರರು.

ಇವರ ಮೆಷಿನ್‌ನಲ್ಲಿ ಆ 'ಯಾರು ಬೇಕಾದರೂ' ಅನ್ನುವುದರಲ್ಲಿ ಅಪಾಚೆಯ ಖಾತೆಯೂ ಸೇರುತ್ತದೆ. ನಾಳೆ ಯಾರೋ ಒಂದು ಪಿಎಚ್‌ಪಿ ಗ್ಯಾಲರಿ ಹಾಕುತ್ತಾರೆ. ಅದರಲ್ಲಿ ಒಂದು ತೂತು ಇರುತ್ತದೆ. ಅಷ್ಟೇ ಸಾಕು, ಮುಂದಿನದು ನಿಮಗೇ ಗೊತ್ತು.

ಸುಮ್ನೆಒಬ್ಬ

ಫೈಲ್ ಮೇಲೆ ಅನುಮತಿ ಇಲ್ಲದೇನೂ ಅಳಿಸಬಹುದಾ? ಈಗಷ್ಟೇ ಮಾಡಿ ನೋಡಿದೆ. 'ರೈಟ್ ಪ್ರೊಟೆಕ್ಟೆಡ್, ತೆಗೆಯಲಾ' ಅಂತ ಒಂದು ಸಲ ಕೇಳಿತು, ವೈ ಒತ್ತಿದೆ, ಹೋಯ್ತು. ಇದು ಸರಿ ಇಲ್ಲಪ್ಪ.

ಕಪ್ಪುಪರದೆ

ಆ ಪ್ರಶ್ನೆ ಕೂಡ ಆರ್‌ಎಂ ಸೌಜನ್ಯಕ್ಕೆ ಕೇಳೋದು. '-ಎಫ್' ಹಾಕಿದ್ದರೆ ಅದೂ ಇಲ್ಲ.

@ಬಡಗುತಿಟ್ಟು ಮೂರು ಜನರ ವಿಷಯಕ್ಕೆ ಬರೋಣ. 'ಮೇಳ' ಅಂತ ಒಂದು ಗುಂಪು ಮಾಡಿ, ಮೂವರನ್ನೂ ಸೇರಿಸಿ:

ಸುಡೊ ಗ್ರೂಪ್‌ಆಡ್ ಮೇಳ

ಸುಡೊ ಯೂಸರ್‌ಮಾಡ್ -ಎಜಿ ಮೇಳ (ಇಲ್ಲಿ ಖಾತೆಯ ಹೆಸರು)

ಇದರಲ್ಲಿ 'ಎ' ಚಿಕ್ಕದು, 'ಜಿ' ದೊಡ್ಡದು. 'ಎ' ಬಿಟ್ಟರೆ ಆ ಖಾತೆ ಇದುವರೆಗೆ ಇದ್ದ ಉಳಿದ ಹೆಚ್ಚುವರಿ ಗುಂಪುಗಳಿಂದೆಲ್ಲ ಹೊರಬೀಳುತ್ತದೆ, ಸುಡೊ ಗುಂಪಿನಿಂದಲೂ. ಆಮೇಲೆ ಸುಡೊ ಕೊಡೋಕೂ ಆಗಲ್ಲ. ದಯವಿಟ್ಟು ಎರಡು ಸಲ ನೋಡಿ ಎಂಟರ್ ಒತ್ತಿ.

ಆಮೇಲೆ ಗುಂಪು ಬದಲಿಸಿ (ಚ್‌ಗ್ರೂಪ್‌ನ 'ಆರ್' ಕೂಡ ದೊಡ್ಡದು), ಫೋಲ್ಡರಿಗೆ 2775, ಫೈಲಿಗೆ 664 ಕೊಡಿ:

ಸುಡೊ ಚ್‌ಗ್ರೂಪ್ -ಆರ್ ಮೇಳ /ಎಸ್‌ಆರ್‌ವಿ/ಭಂಡಾರ

ಸುಡೊ ಫೈಂಡ್ /ಎಸ್‌ಆರ್‌ವಿ/ಭಂಡಾರ -ಟೈಪ್ ಡಿ -ಎಕ್ಸೆಕ್ ಚ್‌ಮಾಡ್ 2775 {} +

ಸುಡೊ ಫೈಂಡ್ /ಎಸ್‌ಆರ್‌ವಿ/ಭಂಡಾರ -ಟೈಪ್ ಎಫ್ -ಎಕ್ಸೆಕ್ ಚ್‌ಮಾಡ್ 664 {} +

ಮುಂದಿನ 2 ಅಂದರೆ ಸೆಟ್‌ಜಿಐಡಿ. ಆ ಫೋಲ್ಡರಿನಲ್ಲಿ ಯಾರು ಹೊಸ ಫೈಲ್ ಮಾಡಿದರೂ ಅದರ ಗುಂಪು ಮೇಳ ಆಗುತ್ತದೆ. ಒಳಗೆ ಹೊಸ ಫೋಲ್ಡರ್ ಮಾಡಿದರೆ ಅದಕ್ಕೂ ಈ ಗುಣ ಬರುತ್ತದೆ. ಪಟ್ಟಿಯಲ್ಲಿ ಗುಂಪಿನ 'ಎಕ್ಸ್' ಇರುವ ಜಾಗದಲ್ಲಿ 'ಎಸ್' ಕಂಡರೆ ಸರಿ ಆಗಿದೆ ಅಂತ ಅರ್ಥ.

ಗುಂಪಿಗೆ ಸೇರಿಸಿದ್ದು ಈಗ ತೆರೆದಿರುವ ಟರ್ಮಿನಲ್‌ಗೆ ತಿಳಿಯುವುದಿಲ್ಲ. ಲಾಗ್‌ಔಟ್ ಆಗಿ ಮತ್ತೆ ಬನ್ನಿ, 'ಐಡಿ' ಅಂತ ಹೊಡೆದು ಮೇಳ ಇದೆಯಾ ನೋಡಿ.

ಬಡಗುತಿಟ್ಟು

ಮಾಡಿದೆ ಸರ್, 'ಎಸ್' ಕಾಣುತ್ತಿದೆ. ನನ್ನ ಖಾತೆಯಿಂದ ಸುಡೊ ಇಲ್ಲದೆ ಫೋಟೋ ಹಾಕಿದೆ, ಹೋಯ್ತು. ಆದರೆ ನಮ್ಮ ಇನ್ನೊಬ್ಬರು ಹಾಕಿದ ಫೋಟೋಗಳ ಗುಂಪು ಮೇಳ ಬರುತ್ತಿಲ್ಲ, ಅವರ ಸ್ವಂತ ಹೆಸರೇ ಬರುತ್ತಿದೆ. ಅವರೂ ಮೇಳದಲ್ಲಿ ಇದ್ದಾರೆ, ಐಡಿ ನೋಡಿದೆವು. ಒಂದೇ ಫೋಲ್ಡರ್, ನನಗೆ ಸರಿ, ಅವರಿಗೆ ಇಲ್ಲ. ಮೂರನೆಯವರು ಹಾಕಿದ್ದಕ್ಕೆ ಗುಂಪು ಮೇಳ ಬಂದಿದೆ, ಆದರೆ ನನಗೆ ತಿದ್ದೋಕೆ ಆಗ್ತಿಲ್ಲ.

ಕಾಫಿತೋಟ

ಎರಡನೆಯವರು ಕಾಪಿ ಮಾಡುತ್ತಾರಾ, ಡೌನ್‌ಲೋಡ್ಸ್‌ನಿಂದ ಮೂವ್ ಮಾಡುತ್ತಾರಾ ಕೇಳಿ.

ಬಡಗುತಿಟ್ಟು

ಕೇಳಿದೆ. 'ಎಂವಿ' ಕೊಡ್ತಾರಂತೆ. ಎರಡೆರಡು ಪ್ರತಿ ಯಾಕೆ ಅಂತ.

ಹಳೇಬೇರು

ಹಾಗಾದರೆ ಗೊತ್ತಾಯ್ತು. ಇದು ಈ ಚರ್ಚೆಯ ಮುಖ್ಯ ವಿಷಯ ಅಂತ ನನಗನಿಸುತ್ತೆ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಫೈಲ್ ಕೊನೆಗೆ ಒಂದೇ ಜಾಗಕ್ಕೆ ಬಂದರೂ, ಬಂದ ದಾರಿ ಬೇರೆಯಾದರೆ ಅನುಮತಿಯೂ ಬೇರೆಯಾಗುತ್ತದೆ.

ಎಂವಿ ಒಂದೇ ಫೈಲ್‌ಸಿಸ್ಟಮ್ ಒಳಗೆ ಏನನ್ನೂ ಹೊಸದಾಗಿ ಮಾಡುವುದಿಲ್ಲ. ಹೆಸರು ಆ ಫೋಲ್ಡರಿನಿಂದ ಹೋಗಿ ಈ ಫೋಲ್ಡರಿಗೆ ಬರುತ್ತದೆ, ಫೈಲ್ ಅದೇ. 'ಎಲ್ಎಸ್ -ಐ' ಹಾಕಿ ಮೊದಲೂ ಆಮೇಲೂ ನೋಡಿ, ಐನೋಡ್ ಸಂಖ್ಯೆ (ಫೈಲಿನ ಗುರುತು ಸಂಖ್ಯೆ) ಒಂದೇ ಇರುತ್ತದೆ. ಹೊಸ ಫೈಲ್ ಹುಟ್ಟದೇ ಇದ್ದಾಗ ಸೆಟ್‌ಜಿಐಡಿಗೆ ಅಲ್ಲಿ ಕೆಲಸವೇ ಇಲ್ಲ. ಹಳೆಯ ಮಾಲೀಕ, ಹಳೆಯ ಗುಂಪು, ಹಳೆಯ ಅನುಮತಿ. ಬೇರೆ ಡಿಸ್ಕ್‌ನಿಂದ ಎಂವಿ ಮಾಡಿದರೆ ಒಳಗೊಳಗೆ ಕಾಪಿ ಮಾಡಿ ಹಳೆಯದನ್ನು ಅಳಿಸುತ್ತದೆ. ಆಗಲೂ ಹಳೆಯ ಗುಣಗಳನ್ನು ಉಳಿಸಲು ಆದಷ್ಟು ನೋಡುತ್ತದೆ.

'ಸಿಪಿ -ಪಿ', 'ಸಿಪಿ -ಎ' ಕೊಟ್ಟರೂ ಇದೇ ಗೋಳು. ಉಳಿಸು ಅಂತ ನೀವೇ ಹೇಳಿದ್ದೀರಿ, ಅದು ಗುಂಪನ್ನೂ ಉಳಿಸುತ್ತದೆ. ಮಾಲೀಕನನ್ನು ಉಳಿಸುವುದು ರೂಟ್‌ಗೆ ಮಾತ್ರ ಸಾಧ್ಯ, ಬೇರೆಯವರು ಕೊಟ್ಟರೆ ಕೊಟ್ಟವರೇ ಮಾಲೀಕರಾಗುತ್ತಾರೆ. ಬ್ಯಾಕಪ್‌ಗೆ '-ಎ' ಚೆನ್ನಾಗಿದೆ. ಹಂಚಿಕೊಂಡ ಫೋಲ್ಡರಿಗೆ ಹಾಕಲು ಅದು ಸರಿಯಾದ ಆಯ್ಕೆ ಅಲ್ಲ.

ಬರೀ ಸಿಪಿ ಕೊಟ್ಟರೆ ಹೊಸ ಫೈಲ್ ಹುಟ್ಟುತ್ತದೆ, ಗುಂಪು ಮೇಳ ಆಗುತ್ತದೆ. ಆದರೆ ಮೂಲ 644 ಇದ್ದರೆ ಹೊಸದೂ 644. ಯುಮಾಸ್ಕ್ ಕಿತ್ತುಕೊಳ್ಳಬಲ್ಲದು, ಕೊಡಲಾರದು. ನಿಮ್ಮ ಮೂರನೆಯವರದ್ದು ಇದೇ ಕೇಸ್. ಗುಂಪು ಸರಿ, ಗುಂಪಿಗೆ ಬರೆಯುವ ಅನುಮತಿ ಇಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಅದೇ ಹೆಸರಿನ ಫೈಲ್ ಅಲ್ಲಿ ಮೊದಲೇ ಇದ್ದರೆ ಸಿಪಿ ಅದನ್ನು ತೆಗೆದು ಹೊಸದು ಇಡುವುದಿಲ್ಲ. ಇರುವುದನ್ನೇ ತೆರೆದು, ಒಳಗಿನದನ್ನು ಖಾಲಿ ಮಾಡಿ, ಹೊಸದನ್ನು ತುಂಬುತ್ತದೆ. ಆದ್ದರಿಂದ ಹಳೆಯ ಫೈಲಿನ ಮಾಲೀಕ, ಗುಂಪು, ಅನುಮತಿ ಹಾಗೇ ಉಳಿಯುತ್ತವೆ. ಸರಿಯಾದ ಅನುಮತಿಯ ಫೈಲ್ ತಂದು ಮೇಲೆ ಹಾಕಿದೆ, ಆದರೂ ಬದಲಾಗಲಿಲ್ಲ ಅಂತ ಕೇಳುವವರಿಗೆ ಉತ್ತರ ಇದು. ಕಾಪಿ ಮಾಡುವ ಇನ್ನೊಂದು ಕಮಾಂಡ್ ಆರ್‌ಸಿಂಕ್ ಹಾಗಲ್ಲ. ಪಕ್ಕದಲ್ಲಿ ತಾತ್ಕಾಲಿಕ ಹೆಸರಿನಲ್ಲಿ ಹೊಸ ಫೈಲ್ ಬರೆದು, ಪೂರ್ತಿಯಾದ ಮೇಲೆ ಹಳೆಯದರ ಜಾಗದಲ್ಲಿ ಕೂರಿಸುತ್ತದೆ. ಹಾಗಾಗಿ ಮಾಲೀಕ ಬದಲಾಗಬಹುದು.

ಸುಮ್ನೆಒಬ್ಬ

ಡಿಫಾಲ್ಟ್ ಎಸಿಎಲ್ (ಯಾರ್ಯಾರಿಗೆ ಯಾವ ಅನುಮತಿ ಅನ್ನುವ ಹೆಚ್ಚುವರಿ ಪಟ್ಟಿ) ಹಾಕಿದರೆ ಎಲ್ಲ ತಾನಾಗೇ ಸರಿ ಹೋಗುತ್ತೆ ಅಂತ ಓದಿದ್ದೆ. 'ಸೆಟ್‌ಎಫ್‌ಎಸಿಎಲ್'. ಅದು ಆಗಲ್ವಾ?

ಹಳೇಬೇರು

ಅರ್ಧ ಆಗುತ್ತೆ. ಫೋಲ್ಡರಿಗೆ ಡಿಫಾಲ್ಟ್ ಎಸಿಎಲ್ ಇದ್ದರೆ ಅಲ್ಲಿ ಹುಟ್ಟುವ ಫೈಲಿಗೆ ಯುಮಾಸ್ಕ್ ಲೆಕ್ಕಕ್ಕೆ ಬರುವುದಿಲ್ಲ. ಎಡಿಟರ್‌ನಲ್ಲಿ ಹೊಸ ಫೈಲ್ ಮಾಡಿದರೆ ಗುಂಪಿಗೆ ಬರೆಯುವ ಅನುಮತಿ ಸಿಗುತ್ತದೆ, ಯಾಕೆಂದರೆ ಎಡಿಟರ್ 666 ಕೇಳಿರುತ್ತದೆ. ಸಿಪಿ ಕೇಳುವುದು ಮೂಲ ಫೈಲಿನ ಅನುಮತಿಯನ್ನು. ಮೂಲ 644 ಇದ್ದರೆ ಎಸಿಎಲ್‌ನ ಮಾಸ್ಕ್ (ಅನುಮತಿಯ ಮೇಲ್ಮಿತಿ) ಬರೀ ಓದಿಗೆ ಇಳಿಯುತ್ತದೆ. 'ಗೆಟ್‌ಎಫ್‌ಎಸಿಎಲ್' ಹಾಕಿ ನೋಡಿದರೆ ಗುಂಪಿಗೆ ಓದು-ಬರಹ ಇದೆ ಅಂತ ಇರುತ್ತದೆ, ಪಕ್ಕದಲ್ಲೇ 'ಎಫೆಕ್ಟಿವ್' ಅಂತ ಬರೆದು ಓದು ಮಾತ್ರ ತೋರಿಸುತ್ತದೆ. ಕಾಗದದ ಮೇಲೆ ಅಧಿಕಾರ ಇದೆ, ಕೈಯಲ್ಲಿ ಇಲ್ಲ.

ಎಸಿಎಲ್ ಇರುವ ಫೈಲಿನ ಪಟ್ಟಿಯಲ್ಲಿ ಕೊನೆಗೆ ಒಂದು ಕೂಡಿಸುವ ಚಿಹ್ನೆ ಬರುತ್ತದೆ. ಅದು ಕಂಡರೆ ಗುಂಪಿನ ಮೂರು ಅಕ್ಷರ ತೋರಿಸುವುದು ಗುಂಪಿನ ಅನುಮತಿಯನ್ನಲ್ಲ, ಆ ಮಾಸ್ಕನ್ನು. ಇದು ಗೊತ್ತಿಲ್ಲದೆ ಜನ ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಮೂರು ಜನರ ಸಂಘಕ್ಕೆ ನಾನಂತೂ ಎಸಿಎಲ್ ಹೇಳಲ್ಲ.

ಕಪ್ಪುಪರದೆ

ನನ್ನ ಅಭಿಪ್ರಾಯವೂ ಅದೇ. ಕಾಪಿ ಮಾಡಿ ಆಮೇಲೆ ಚ್‌ಮಾಡ್ ಕೊಡುವುದು ಬಿಡಿ, ಕಾಪಿ ಮಾಡುವಾಗಲೇ ಯಾವ ಅನುಮತಿ ಬೇಕು ಅಂತ ಹೇಳಿಬಿಡಿ. ಒಂದೆರಡು ಫೈಲಾದರೆ 'ಇನ್‌ಸ್ಟಾಲ್' ಅನ್ನುವ ಕಮಾಂಡ್ ಇದೆ. ಹೆಸರು ನೋಡಿ ಸಾಫ್ಟ್‌ವೇರ್ ಹಾಕೋದು ಅಂದುಕೊಳ್ಳಬೇಡಿ, ಅದು ಅನುಮತಿ ಸಮೇತ ಕಾಪಿ ಮಾಡುವ ಕಮಾಂಡ್:

ಇನ್‌ಸ್ಟಾಲ್ -ಎಂ 664 ಗದಾಯುದ್ಧ-01.ಜೆಪಿಜಿ /ಎಸ್‌ಆರ್‌ವಿ/ಭಂಡಾರ/ಫೋಟೋ/

ಫೋಲ್ಡರ್‌ಗಟ್ಟಲೆ ಇದ್ದರೆ ಆರ್‌ಸಿಂಕ್:

ಆರ್‌ಸಿಂಕ್ -ಆರ್‌ಟಿಓವಿ --ಚ್‌ಮಾಡ್=ಡಿ775,ಎಫ್664 ಹೊಸಫೋಟೋ/ /ಎಸ್‌ಆರ್‌ವಿ/ಭಂಡಾರ/ಫೋಟೋ/

'ಓ' ದೊಡ್ಡಕ್ಷರ, 'ಡಿ' ಮತ್ತು 'ಎಫ್' ಕೂಡ. 'ಡಿ' ಫೋಲ್ಡರಿಗೆ, 'ಎಫ್' ಫೈಲಿಗೆ. ಇಲ್ಲಿ ಬೇಕಂತಲೇ '-ಎ' ಹಾಕಿಲ್ಲ. ಅದು ಗುಂಪನ್ನೂ ಅನುಮತಿಯನ್ನೂ ಮೂಲದಿಂದ ಎಳೆದು ತರುತ್ತದೆ. ಅದು ಇಲ್ಲದಿದ್ದರೆ ಹೊಸ ಫೋಲ್ಡರಿಗೆ ಮೇಲಿನ ಫೋಲ್ಡರಿನ ಸೆಟ್‌ಜಿಐಡಿ ಬರುತ್ತದೆ, ಗುಂಪು ಮೇಳವೇ ಆಗುತ್ತದೆ. ದೊಡ್ಡ 'ಓ' ಯಾಕೆ ಅಂದರೆ, ಬೇರೆಯವರು ಮಾಡಿದ ಫೋಲ್ಡರಿನ ದಿನಾಂಕ ಬದಲಿಸಲು ನಿಮಗೆ ಹಕ್ಕಿಲ್ಲ. ಅದಿಲ್ಲದಿದ್ದರೆ ಪ್ರತಿಸಲ 'ಆಪರೇಷನ್ ನಾಟ್ ಪರ್ಮಿಟೆಡ್' ಅಂತ ಗೊಣಗುತ್ತದೆ.

ಒಂದು ಷರತ್ತು. ಯುಮಾಸ್ಕ್ ಇಲ್ಲೂ ಕತ್ತರಿ ಹಾಕುತ್ತದೆ. ಮೂವರ ಖಾತೆಯಲ್ಲೂ 'ಯುಮಾಸ್ಕ್' ಅಂತ ಹೊಡೆದು ನೋಡಿ. 0002 ಬಂದರೆ ಸರಿ. 0022 ಬಂದರೆ ಅವರ ಹೋಮ್‌ನ '.ಪ್ರೊಫೈಲ್' ಫೈಲಿನಲ್ಲಿ 'ಯುಮಾಸ್ಕ್ 002' ಅಂತ ಒಂದು ಸಾಲು ಸೇರಿಸಿ.

ಮೂಲದ ಹೆಸರಿನ ಕೊನೆಯ ಓರೆಗೆರೆ ಮರೆಯಬೇಡಿ. ಇದ್ದರೆ ಫೋಲ್ಡರಿನ ಒಳಗಿನದು ಹೋಗುತ್ತದೆ, ಇಲ್ಲದಿದ್ದರೆ ಫೋಲ್ಡರೇ ಹೋಗಿ ಫೋಟೋ ಒಳಗೆ ಹೊಸಫೋಟೋ ಅಂತ ಕೂರುತ್ತದೆ. ಮೊದಲ ಸಲ '-ಎನ್' ಸೇರಿಸಿ ಓಡಿಸಿ. ಏನೂ ಮಾಡದೆ, ಏನು ಮಾಡುತ್ತೇನೆ ಅಂತ ಮಾತ್ರ ಹೇಳುತ್ತದೆ.

ಕಾಫಿತೋಟ

ಆರ್‌ಸಿಂಕ್ 1996ರಿಂದ ಇದೆ, ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕರಾಸ್ ಬರೆದದ್ದು. ಇಷ್ಟು ವರ್ಷ ಆದರೂ ಆ ಓರೆಗೆರೆಗೆ ಜನ ಎಡವುತ್ತಲೇ ಇದ್ದಾರೆ.

ಹಳೇಬೇರು

ಚ್‌ಮಾಡ್ ಅದಕ್ಕಿಂತ ಹಳೆಯದು ಮಾರಾಯ್ರೆ, 1971ರ ಮೊದಲ ಯೂನಿಕ್ಸ್ ಕೈಪಿಡಿಯಲ್ಲೇ ಇದೆ. ಆಗ ಮಾಲೀಕ ಮತ್ತು ಉಳಿದವರು ಅಂತ ಎರಡೇ ಪಂಗಡ. ಗುಂಪು ಆಮೇಲೆ ಸೇರಿದ್ದು.

ಬಡಗುತಿಟ್ಟು

ಆರ್‌ಸಿಂಕ್ ದಾರಿ ಹಿಡಿದೆವು. ಯುಮಾಸ್ಕ್ ಒಬ್ಬರದ್ದು 0022 ಇತ್ತು, ಬದಲಿಸಿದೆವು. ಈಗ ಮೂವರೂ ಹಾಕಬಹುದು, ತಿದ್ದಬಹುದು. ಆದರೆ ಹಾರ್ಡ್ ಡಿಸ್ಕ್‌ನಿಂದ ತರುವಾಗ ಕೆಲವು ಸ್ಕ್ಯಾನ್‌ಗಳಿಗೆ 'ಫೈಲ್ ನೇಮ್ ಟೂ ಲಾಂಗ್' ಅಂತ ಬರುತ್ತಿದೆ. ಹೆಸರು ಉದ್ದ ಇದೆ ನಿಜ. ಪ್ರಸಂಗದ ಹೆಸರು, ಕವಿ, ಮುದ್ರಣಾಲಯ, ವರ್ಷ ಎಲ್ಲ ಫೈಲ್ ಹೆಸರಿನಲ್ಲೇ ಕನ್ನಡದಲ್ಲಿ ಹಾಕಿದ್ದೇವೆ. ಆದರೆ ವಿಂಡೋಸ್‌ನಲ್ಲಿ ತಕರಾರು ಇರಲಿಲ್ಲವಲ್ಲ?

ಕಪ್ಪುಪರದೆ

ಇದು ನಮ್ಮಂಥ ಭಾಷೆಯವರಿಗೇ ಕಾಡುವ ವಿಷಯ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಹೆಸರಿನ ಮಿತಿಯನ್ನು 255 ಯುಟಿಎಫ್-16 ಘಟಕ ಅಂತ ಎಣಿಸುತ್ತದೆ. ಕನ್ನಡದ ಒಂದು ಸಂಕೇತಕ್ಕೆ ಒಂದು ಘಟಕ. ಉಬುಂಟುವಿನ ಎಕ್ಸ್‌ಟಿ4 ಕೂಡ 255 ಅಂತಲೇ ಹೇಳುತ್ತದೆ, ಆದರೆ ಎಣಿಸುವುದು ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ಅಂದರೆ 85 ಸಂಕೇತಕ್ಕೆ ಮುಗಿಯಿತು.

ಸಂಕೇತ ಅಂದರೆ ನಾವು ಓದುವ ಅಕ್ಷರ ಅಲ್ಲ. 'ಯಕ್ಷಗಾನ' ನೋಡೋಕೆ ನಾಲ್ಕು ಅಕ್ಷರ. ಕಂಪ್ಯೂಟರಿಗೆ ಯ, ಕ, ವಿರಾಮ, ಷ, ಗ, ಆ ಕಾರದ ಗುರುತು, ನ, ಒಟ್ಟು 7. ಬೈಟ್ ಲೆಕ್ಕದಲ್ಲಿ 21. ಒತ್ತಕ್ಷರ ಜಾಸ್ತಿ ಇರುವ ಪ್ರಸಂಗದ ಹೆಸರು, ಜತೆಗೆ ಮುದ್ರಣಾಲಯ ಅಂದರೆ ಬೇಗ ತುಂಬುತ್ತದೆ.

ಹೆಸರಿನಲ್ಲಿ ಪ್ರಸಂಗ ಮತ್ತು ವರ್ಷ ಮಾತ್ರ ಇಟ್ಟು, ಉಳಿದದ್ದನ್ನು ಅದೇ ಫೋಲ್ಡರಿನಲ್ಲಿ ಒಂದು ಪಟ್ಟಿ ಫೈಲಿಗೆ ಹಾಕಿ. ಹೆಸರು ಬದಲಿಸುವುದನ್ನು ವಿಂಡೋಸ್ ಕಡೆಯೇ ಮಾಡಿದರೆ ಸುಲಭ.

ಕಾಫಿತೋಟ

ಇದಕ್ಕೆ ಸೇರಿಸುವುದಾದರೆ, ಕನ್ನಡ ಹೆಸರುಗಳಲ್ಲಿ ಕಣ್ಣಿಗೆ ಕಾಣದ ಜೋಡಿಸದ ಗುರುತು ನುಸುಳಿರುತ್ತದೆ. ಒತ್ತಕ್ಷರ ಆಗಬಾರದು ಅಂತ ಕೆಲವು ಕೀಲಿಮಣೆಗಳು ಹಾಕುತ್ತವೆ. ನೋಡೋಕೆ ಒಂದೇ ಥರ ಇರುವ ಎರಡು ಫೈಲ್ ಒಂದೇ ಫೋಲ್ಡರಿನಲ್ಲಿ ಕಂಡರೆ ಭೂತ ಅಂದುಕೊಳ್ಳಬೇಡಿ. ಹೆಸರು ಪೂರ್ತಿ ಟೈಪ್ ಮಾಡುವ ಬದಲು ಟ್ಯಾಬ್ ಒತ್ತಿ.

ಬಡಗುತಿಟ್ಟು

ಹೆಸರು ತಿದ್ದಿ ತಂದೆವು, ಎಲ್ಲ ಬಂತು. ಬ್ರೌಸರ್‌ನಲ್ಲೂ ಫೋಟೋ, ಸ್ಕ್ಯಾನ್ ಎರಡೂ ತೆರೆಯುತ್ತಿವೆ. ಆಡಿಯೋ ಫೋಲ್ಡರ್ ಒಂದೇ 403 (ಅನುಮತಿ ಇಲ್ಲ) ಅಂತಿದೆ. ಅದರ ಫೈಲ್‌ಗಳೂ 664, ಫೋಲ್ಡರೂ 2775. ಒಂದೇ ವ್ಯತ್ಯಾಸ ಅಂದರೆ ಜಾಗ ಸಾಲದೇ ಅದನ್ನು ನನ್ನ ಹೋಮ್‌ನಲ್ಲಿಟ್ಟು ಸಿಮ್‌ಲಿಂಕ್ (ಬೇರೆ ಜಾಗಕ್ಕೆ ದಾರಿ ತೋರಿಸುವ ಹೆಸರು) ಕೊಟ್ಟಿದ್ದೇನೆ. ಹೋಮ್ ಬೇರೆ ಡಿಸ್ಕ್‌ನಲ್ಲಿದೆ.

ಕಪ್ಪುಪರದೆ

ಹೋಮ್ ಅಂದಿರಲ್ಲ, ಅಲ್ಲೇ ಇದೆ. ಇದನ್ನು ಹೊಡೆದು ನೋಡಿ:

ನೇಮ್‌ಐ -ಎಲ್ /ಎಸ್‌ಆರ್‌ವಿ/ಭಂಡಾರ/ಆಡಿಯೋ

ಬೇರಿನಿಂದ ಹಿಡಿದು ಪ್ರತಿ ಮೆಟ್ಟಿಲಿನ ಅನುಮತಿಯನ್ನೂ ಒಂದರ ಕೆಳಗೆ ಒಂದು ತೋರಿಸುತ್ತದೆ, ಸಿಮ್‌ಲಿಂಕ್ ಹಿಂದೆಯೂ ಹೋಗುತ್ತದೆ. ನಿಮ್ಮ ಹೋಮ್ ಇರುವ ಸಾಲಿನ ಕೊನೆಯ ಮೂರು ಜಾಗ ಖಾಲಿ ಗೆರೆ ಇರುತ್ತದೆ ಅಂತ ಬರೆದುಕೊಡುತ್ತೇನೆ. ಉಬುಂಟು 21.04ರಿಂದ ಹೊಸ ಹೋಮ್ ಫೋಲ್ಡರ್ 750. ಮೊದಲು 755 ಇತ್ತು. ಅಪಾಚೆಯ ಖಾತೆ ನಿಮ್ಮ ಹೋಮ್ ದಾಟಲಾರದು. ಮನೆ ಬಾಗಿಲು ತೆರೆದಿಟ್ಟು ಗೇಟಿಗೆ ಬೀಗ ಹಾಕಿದ ಹಾಗೆ. ಸಿಮ್‌ಲಿಂಕ್ ಮೇಲೆ 777 ಅಂತ ಕಾಣುತ್ತದೆ, ಅದನ್ನು ನೋಡಿ ಮೋಸ ಹೋಗಬೇಡಿ. ಅದಕ್ಕೆ ಬೆಲೆ ಇಲ್ಲ, ಗುರಿಯದ್ದೇ ಲೆಕ್ಕ.

ಹೋಮನ್ನು ಎಲ್ಲರಿಗೂ ತೆರೆಯಬೇಡಿ. ಆ ಡಿಸ್ಕ್‌ನಲ್ಲೇ ಹೋಮ್‌ನ ಹೊರಗೆ ಒಂದು ಫೋಲ್ಡರ್ ಮಾಡಿ ಆಡಿಯೋ ಅಲ್ಲಿಡಿ. ಆಮೇಲೆ ಊಹಿಸುತ್ತಾ ಕೂರದೆ ಅಪಾಚೆಯ ಖಾತೆಯಿಂದಲೇ ಓದಿ ನೋಡಿ. 'ಸುಡೊ -ಯು' ಅಂತ ಹಾಕಿ ಆ ಖಾತೆಯ ಹೆಸರು ಕೊಟ್ಟು, ಯಾವುದಾದರೂ ಆಡಿಯೋ ಫೈಲಿಗೆ 'ಹೆಡ್ -ಸಿ 1' ಕೊಡಿ. ತಕರಾರು ಬರದಿದ್ದರೆ ಬ್ರೌಸರ್‌ನಲ್ಲೂ ಬರುತ್ತದೆ.

ನೀಲಿಟೋಪಿ

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಇದನ್ನೇ ಫೆಡೋರಾದಲ್ಲಿ ಮಾಡುವವರು ಓದುತ್ತಿದ್ದರೆ: ಎಲ್ಲ ಅನುಮತಿ ಸರಿ ಇದ್ದೂ 403 ಬಂದರೆ ಎಸ್‌ಇಲಿನಕ್ಸ್ (ಫೈಲಿಗೆ ಅಂಟಿಸಿದ ಚೀಟಿ ನೋಡಿ ತಡೆಯುವ ಇನ್ನೊಂದು ಭದ್ರತಾ ಪದರ) ನೋಡಿ. 'ಎಲ್ಎಸ್ -ಎಲ್ಜೆಡ್', ಜೆಡ್ ದೊಡ್ಡದು. ಎಂವಿ ಇಲ್ಲೂ ಹಳೆಯ ಚೀಟಿಯನ್ನೇ ಹೊತ್ತು ತರುತ್ತದೆ. ಸಿಪಿ ಮಾಡಿದರೆ ಹೊಸ ಜಾಗದ ಚೀಟಿ ಸಿಗುತ್ತದೆ. '/ವರ್' ಒಳಗಿನ ಮಾಮೂಲಿ ವೆಬ್ ಫೋಲ್ಡರ್ ಆದರೆ 'ರಿಸ್ಟೋರ್‌ಕಾನ್ -ಆರ್‌ವಿ' ಸಾಕು, ಆರ್ ದೊಡ್ಡಕ್ಷರ.

ಸುಮ್ನೆಒಬ್ಬ

ನಾನು ವಿಂಡೋಸ್‌ನ ಡಬ್ಲ್ಯುಎಸ್‌ಎಲ್‌ನಲ್ಲಿ (ವಿಂಡೋಸ್ ಒಳಗೇ ಓಡುವ ಲಿನಕ್ಸ್) ಇದನ್ನೆಲ್ಲ ಮಾಡಿ ನೋಡುತ್ತಿದ್ದೆ. '/ಎಂಎನ್‌ಟಿ/ಸಿ' ಒಳಗೆ ಚ್‌ಮಾಡ್ ಹಿಡಿಯೋದೇ ಇಲ್ಲ. ಎಸ್‌ಎಸ್‌ಎಚ್ ಕೀ ಅಲ್ಲಿಟ್ಟರೆ ಅನುಮತಿ ಜಾಸ್ತಿ ಇದೆ, ಬಳಸಲ್ಲ ಅಂತ ಹಠ ಮಾಡುತ್ತೆ.

ಹಳೇಬೇರು

ಅದು ವಿಂಡೋಸ್‌ನದೇ ಡಿಸ್ಕ್, ಬಡಗುತಿಟ್ಟು ಅವರಿಗೆ ಮೇಲೆ ಹೇಳಿದ ಕಥೆಯೇ. ಕೀಯನ್ನು ಡಬ್ಲ್ಯುಎಸ್‌ಎಲ್‌ನ ಸ್ವಂತ ಹೋಮ್‌ಗೆ ಕಾಪಿ ಮಾಡಿ 600 ಕೊಡಿ. ಅಲ್ಲೇ ಬೇಕೇ ಬೇಕು ಅಂದರೆ 'ಡಬ್ಲ್ಯುಎಸ್‌ಎಲ್.ಕಾನ್ಫ್' ಫೈಲಿನ ಆಟೋಮೌಂಟ್ ಭಾಗದಲ್ಲಿ ಮೆಟಾಡೇಟಾ ಆಯ್ಕೆ ಸೇರಿಸಬೇಕು.

ಬಡಗುತಿಟ್ಟು

ನೇಮ್‌ಐ ತೋರಿಸಿದ್ದು ಅದನ್ನೇ ಸರ್, ಹೋಮ್‌ನ ಸಾಲಿನಲ್ಲಿ ಕೊನೆಗೆ ಮೂರು ಗೆರೆ. ಆಡಿಯೋವನ್ನು ಹೊರಗಿನ ಫೋಲ್ಡರಿಗೆ ಆರ್‌ಸಿಂಕ್ ಮಾಡಿ ಲಿಂಕ್ ಬದಲಿಸಿದೆ. ಈಗ ಭಾಗವತರ ಪದ ಫೋನಿನಲ್ಲೇ ಕೇಳುತ್ತಿದೆ. ಎಂವಿ ಕೊಡುವವರಿಗೆ ಕಾಪಿ ಮಾಡಿ ಅಂತ ಹೇಳಿದ್ದೇನೆ, ಅವರು ಮತ್ತೆ ಮರೆತು ಎಂವಿ ಕೊಟ್ಟರೆ ಗೊತ್ತಾಗುವುದು ಹೇಗೆ?

ಕಪ್ಪುಪರದೆ

ವಾರಕ್ಕೊಮ್ಮೆ ಇದನ್ನು ಹೊಡೆಯಿರಿ. ಮೇಳ ಗುಂಪಿನದಲ್ಲದ ಏನಿದ್ದರೂ ಹೆಸರು ಹೇಳುತ್ತದೆ:

ಫೈಂಡ್ /ಎಸ್‌ಆರ್‌ವಿ/ಭಂಡಾರ -ನಾಟ್ -ಗ್ರೂಪ್ ಮೇಳ -ಎಲ್ಎಸ್

ಮಾಲೀಕರ ಹೆಸರೂ ಜೊತೆಗೇ ಬರುತ್ತದೆ. ಆಡಿಯೋ ಲಿಂಕ್ ಆಗಿರುವುದರಿಂದ ಫೈಂಡ್ ಅದರೊಳಗೆ ಹೋಗುವುದಿಲ್ಲ, ಆ ಹೊರಗಿನ ಫೋಲ್ಡರಿನ ಹೆಸರನ್ನೂ ಮೊದಲ ಹೆಸರಿನ ಪಕ್ಕದಲ್ಲೇ ಸೇರಿಸಿಕೊಳ್ಳಿ.